ಬಾರದ ಗೋಡಂಬಿಗೆ ಹೋದ ಡಾಲರು

ದೆಹಲಿಯ ಅಶೋಕ್ ವಿಹಾರದಲ್ಲಿರುವ ಬ್ಯಾಂಕ್ ಆಫ್ ಬರೋಡಾ ಶಾಖೆಯಿಂದ 2014ರ ಮೇ ತಿಂಗಳಿನಿಂದ 2015ರ ಆಗಸ್ಟ್‌ವರೆಗೆ ಹೊರದೇಶಕ್ಕೆ 5,853 ಸಲ ಹಣ ಹೋಯಿತು. ಒಟ್ಟು 54.6 ಕೋಟಿ ಡಾಲರ್. ಅಂದಿನ ಲೆಕ್ಕದಲ್ಲಿ ಸುಮಾರು 3,500 ಕೋಟಿ ರೂಪಾಯಿ. ಕಳಿಸಿದ್ದು 38 ಕರೆಂಟ್ ಅಕೌಂಟುಗಳಿಂದ. ಪಡೆದವು ಸುಮಾರು 400 ಸಂಸ್ಥೆಗಳು, ಹೆಚ್ಚಿನವು ಹಾಂಗ್‌ಕಾಂಗ್‌ನಲ್ಲಿದ್ದವು. ಇವು ಬ್ಯಾಂಕೇ ಬಹಿರಂಗಪಡಿಸಿದ ಅಂಕಿಗಳು. ಪ್ರಕರಣ ಕೈಗೆತ್ತಿಕೊಂಡ ಸಿಬಿಐ, ಖಾತೆಗಳು 59 ಎಂದೂ ಮೊತ್ತ ಸುಮಾರು 6,000 ಕೋಟಿ ರೂಪಾಯಿ ಎಂದೂ ಹೇಳಿತು. ಹಣ ಕಳಿಸಲು ಕೊಟ್ಟ ಕಾರಣ ಗೋಡಂಬಿ, ಬೇಳೆ, ಅಕ್ಕಿಯ ಆಮದಿಗೆ ಮುಂಗಡ. ಗೋಡಂಬಿಯೂ ಬರಲಿಲ್ಲ, ಬೇಳೆಯೂ ಬರಲಿಲ್ಲ.

ಒಟ್ಟು ಮೊತ್ತವನ್ನು ರವಾನೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ರವಾನೆಗೆ ಸರಾಸರಿ 93,000 ಡಾಲರ್ ಬೀಳುತ್ತದೆ. ಇಡೀ ಕಥೆ ಈ ಅಂಕಿಯಲ್ಲೇ ಇದೆ. ಆಗಿನ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆಮದಿಗೆ ಕಳಿಸುವ ಹಣ ಒಂದು ಲಕ್ಷ ಡಾಲರ್ ದಾಟಿದರೆ, ಸರಕು ನಿಜವಾಗಿ ದೇಶದೊಳಗೆ ಬಂತು ಎಂಬುದಕ್ಕೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ತಂದು ಕೊಡುವಂತೆ ಬ್ಯಾಂಕು ಗ್ರಾಹಕನ ಬೆನ್ನು ಹತ್ತಲೇಬೇಕಿತ್ತು. ಒಂದು ಲಕ್ಷದೊಳಗಿದ್ದರೆ, ವ್ಯವಹಾರ ಸಾಚಾ ಎಂದು ಬ್ಯಾಂಕಿಗೆ ಅನ್ನಿಸಿದರೆ ಸಾಕಿತ್ತು. ಸಣ್ಣ ಆಮದುದಾರನಿಗೆ ಕಾಗದಪತ್ರದ ಹೊರೆ ತಗ್ಗಲಿ ಎಂದು ಸದುದ್ದೇಶದಿಂದ ಬಿಟ್ಟ ಸಡಿಲಿಕೆ ಅದು. ಆ ಸಡಿಲಿಕೆಯ ಅಂಚಿಗೆ ಕಾಲು ತಾಗದಂತೆ ಸಾವಿರಾರು ಸಲ ಹಣ ದಾಟಿಸಿದರು.

ಮಂಗಳೂರಿನ ಗೇರುಬೀಜ ಕಾರ್ಖಾನೆಯವರ ಮುಂದೆ ಆ ಬಿಲ್ಲುಗಳನ್ನು ಇಟ್ಟಿದ್ದರೆ ಮೊದಲ ನೋಟಕ್ಕೇ ಅನುಮಾನ ಬರುತ್ತಿತ್ತು. ಕಚ್ಚಾ ಗೇರುಬೀಜ ನಮ್ಮಲ್ಲಿಗೆ ಬರುವುದು ಆಫ್ರಿಕಾದಿಂದ: ತಾಂಜಾನಿಯಾ, ಐವರಿ ಕೋಸ್ಟ್, ಬೆನಿನ್, ಗಿನಿ ಬಿಸ್ಸಾವ್‌ನಿಂದ. ನಡುವಿನ ವ್ಯಾಪಾರಿ ಹಾಂಗ್‌ಕಾಂಗ್‌ನಲ್ಲಿ ಕೂತಿರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ದಂಧೆಯ ಅನುಭವವೇ ಇಲ್ಲದ ಹೊಸ ಕಂಪನಿಗಳು ಒಂದೇ ಶಾಖೆಗೆ ಬಂದು, ಒಂದೇ ಅಳತೆಯ ಮೊತ್ತವನ್ನು, ಒಂದೇ ಊರಿನ ನೂರಾರು ಹೆಸರುಗಳಿಗೆ ದಿನಬಿಡದೆ ಕಳಿಸಿದರೆ ಅದನ್ನು ವ್ಯಾಪಾರ ಎನ್ನಲು ಬರುವುದಿಲ್ಲ. ಕೌಂಟರಿನಲ್ಲಿ ಕೂತವರಿಗೆ ಇದು ಕಾಣದೇ ಹೋಯಿತು ಎಂದು ನಂಬುವುದು ನನಗೆ ಕಷ್ಟ. ಶಾಖೆಯ ಅಧಿಕಾರಿಗಳೂ ಬಂಧನಕ್ಕೊಳಗಾದರು.

ಹೀಗೆ ಹೋದ ಹಣದ ಒಂದು ಪಾಲು ಸುತ್ತು ಹಾಕಿಕೊಂಡು ವಾಪಸ್ಸೂ ಬಂತು ಎಂಬುದು ಜಾರಿ ನಿರ್ದೇಶನಾಲಯದ, ಅಂದರೆ ಇ.ಡಿ.ಯ ಆರೋಪ. ದಾರಿ ಹೀಗೆ. ರಫ್ತುದಾರನಿಗೆ ಸರ್ಕಾರ ಡ್ಯೂಟಿ ಡ್ರಾಬ್ಯಾಕ್ ಎಂದು, ಅವನು ಕಚ್ಚಾ ಮಾಲಿನ ಮೇಲೆ ಕಟ್ಟಿದ ಸುಂಕವನ್ನು ಹಿಂದಿರುಗಿಸುತ್ತದೆ. ನೂರು ರೂಪಾಯಿಯ ಬಟ್ಟೆಯನ್ನು ಸಾವಿರ ರೂಪಾಯಿಯದು ಎಂದು ತೋರಿಸಿದರೆ ಡ್ರಾಬ್ಯಾಕ್ ಸಾವಿರದ ಮೇಲೆ ಸಿಗುತ್ತದೆ. ಆದರೆ ಆ ಸಾವಿರ ವಿದೇಶದಿಂದ ಬಂದು ಖಾತೆಗೆ ಬೀಳಲೇಬೇಕು, ಇಲ್ಲದಿದ್ದರೆ ಡ್ರಾಬ್ಯಾಕ್ ವಾಪಸ್ ಕಟ್ಟಬೇಕು. ಹಾಗಾಗಿ ಮೊದಲು ‘ಗೋಡಂಬಿ ಮುಂಗಡ’ದ ಹೆಸರಿನಲ್ಲಿ ಇಲ್ಲಿಂದ ದುಡ್ಡು ಆಚೆ ಕಳಿಸು, ಅದೇ ದುಡ್ಡನ್ನು ‘ಬಟ್ಟೆ ರಫ್ತಿನ ಆದಾಯ’ ಎಂದು ಒಳಗೆ ತರಿಸು, ಮೇಲಿಂದ ಸರ್ಕಾರದ ಡ್ರಾಬ್ಯಾಕ್ ಜೇಬಿಗಿಳಿಸು. ಕಳಿಸಿದ್ದೂ ನಮ್ಮ ಬ್ಯಾಂಕು, ತರಿಸಿದ್ದೂ ನಮ್ಮ ಬ್ಯಾಂಕು, ಬಹುಮಾನ ಕೊಟ್ಟದ್ದು ನಮ್ಮದೇ ತೆರಿಗೆ.

ಕಪ್ಪುಹಣ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗೋಣಿಚೀಲದ ತುಂಬ ನೋಟಿನ ಕಂತೆ. ದಾಳಿಯ ಸುದ್ದಿ ಬಂದಾಗ ಟಿವಿಯಲ್ಲಿ ತೋರಿಸುವುದೂ ಅದನ್ನೇ. ಈ ಚಿತ್ರ ನಮ್ಮನ್ನು ದಾರಿ ತಪ್ಪಿಸಿದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳನ್ನು ರದ್ದು ಮಾಡಿದಾಗ ಚಲಾವಣೆಯಲ್ಲಿದ್ದದ್ದು 15.41 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 15.31 ಲಕ್ಷ ಕೋಟಿ, ಅಂದರೆ ನೂರಕ್ಕೆ 99.3 ಪಾಲು, ಬ್ಯಾಂಕಿಗೆ ಮರಳಿತು ಎಂದು ರಿಸರ್ವ್ ಬ್ಯಾಂಕಿನ 2018ರ ವಾರ್ಷಿಕ ವರದಿಯೇ ಹೇಳಿತು. ಹೊಳೆಗೆ ಎಸೆಯುತ್ತಾರೆ, ಸುಟ್ಟು ಹಾಕುತ್ತಾರೆ ಎಂದುಕೊಂಡಿದ್ದ ನೋಟೂ ಯಾರದೋ ಖಾತೆ ಹುಡುಕಿಕೊಂಡಿತು. ದೊಡ್ಡ ಮಟ್ಟದ ಅಕ್ರಮ ಹಣ ನೋಟಿನ ರೂಪದಲ್ಲಿ ಬಹಳ ಹೊತ್ತು ಇರುವುದಿಲ್ಲ. ಅದು ಬಿಲ್ಲಾಗಿ, ಸಾಲಪತ್ರವಾಗಿ, ಷೇರಾಗಿ, ಮುಂಗಡವಾಗಿ ಓಡಾಡುತ್ತದೆ. ದೇಶದಿಂದ ಹೊರಗೆ ಹೋಗುವಾಗಲೂ ನ್ಯಾಯವಾದ ವ್ಯಾಪಾರ ಓಡಾಡುವ ಬಾಗಿಲಿನಿಂದಲೇ, ಸರಿಯಾದ ಅರ್ಜಿ ತುಂಬಿಯೇ ಹೋಗುತ್ತದೆ.

ಹಣಕ್ಕೆ ಹೊಸ ಹುಟ್ಟು ಕೊಡುವ ಈ ಕೆಲಸಕ್ಕೆ ಮೂರು ಹಂತವೆಂದು ತನಿಖಾ ಸಂಸ್ಥೆಗಳು ಲೆಕ್ಕ ಹಿಡಿಯುತ್ತವೆ. ಮೊದಲು ಹಣವನ್ನು ಬ್ಯಾಂಕಿನೊಳಗೆ ಸೇರಿಸುವುದು. ಆಮೇಲೆ ಎಲ್ಲಿಂದ ಬಂತೆಂದು ತಿಳಿಯದಷ್ಟು ಕೈ ಬದಲಾಯಿಸುವುದು. ಕೊನೆಗೆ ಕಟ್ಟಡ, ಕಂಪನಿ, ತೋಟ ಎಂದು ಎಲ್ಲರೆದುರು ತೋರಿಸಬಹುದಾದ ಆಸ್ತಿಯಾಗಿಸುವುದು. ಲಂಚದ ದುಡ್ಡಿರಲಿ, ಮಾದಕ ವಸ್ತುವಿನ ದುಡ್ಡಿರಲಿ, ಟೆಂಡರಿನ ಕಮಿಷನ್ ಇರಲಿ, ದಾರಿ ಇದೇ.

ಮೊದಲ ಹಂತಕ್ಕೆ ಬೇಕಾದದ್ದು ನಗದು ವಹಿವಾಟು ಸಹಜವಾಗಿರುವ ಯಾವುದಾದರೂ ವ್ಯಾಪಾರ. ಊರಿನಲ್ಲಿ ಬಾರ್, ಕಲ್ಯಾಣ ಮಂಟಪ, ಸಾರಿಗೆ ಕಂಪನಿ ಇಟ್ಟುಕೊಂಡವನು ಇಂದು ಎಷ್ಟು ವ್ಯಾಪಾರವಾಯಿತು ಎಂದು ಬರೆದುಕೊಂಡರೂ ಅಲ್ಲಗಳೆಯುವವರು ಕಡಿಮೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ನಾಲ್ಕು ಎಕರೆ ತೋಟದಲ್ಲಿ ನಲವತ್ತು ಎಕರೆಯ ಫಸಲು ಬರೆದುಕೊಳ್ಳುವವರೂ ಇದ್ದಾರೆ. ಬಿಸಿಲಲ್ಲಿ ಬೆವರು ಸುರಿಸುವ ರೈತನಿಗೆಂದು ಕೊಟ್ಟ ವಿನಾಯಿತಿ ಇದು. ಅದರ ಹೆಸರು ಕೆಡಿಸುವವರ ಬಗ್ಗೆ ನನಗೆ ಸಿಟ್ಟು ಬರುತ್ತದೆ.

ಎರಡನೆಯ ಹಂತದಲ್ಲಿ ‘ಎಂಟ್ರಿ ಆಪರೇಟರ್’ ಎಂದು ಕರೆಯುವ ಮಂದಿ ಕೆಲಸ ಮಾಡುತ್ತಾರೆ. ಇವರ ಬಳಿ ಹೆಸರಿಗಷ್ಟೇ ಇರುವ ಕಂಪನಿಗಳ ಗುಂಪೇ ಇರುತ್ತದೆ. ಕಚೇರಿ ವಿಳಾಸ ಒಂದೇ ಕೋಣೆ, ನಿರ್ದೇಶಕರು ಡ್ರೈವರೋ ಅಟೆಂಡರೋ. ನೀವು ನಗದು ಕೊಟ್ಟರೆ ನೂರಕ್ಕೆ ಇಂತಿಷ್ಟು ಎಂದು ಕಮಿಷನ್ ಮುರಿದುಕೊಂಡು ಅಷ್ಟಕ್ಕೆ ಚೆಕ್ ಬರುತ್ತದೆ. ಅದು ಷೇರು ಬಂಡವಾಳ ಎಂದು ಬರಬಹುದು, ಸಾಲ ಎಂದು ಬರಬಹುದು. ವ್ಯಾಪಾರವೇ ಇಲ್ಲದ ಕಂಪನಿಯ ಮೂರು ಕಾಸಿನ ಷೇರನ್ನು ಕೊಂಡು, ಕೃತಕವಾಗಿ ಬೆಲೆ ಏರಿಸಿ ಮಾರಿದ ‘ಲಾಭ’ವಾಗಿಯೂ ಬರಬಹುದು. ಖಾತೆಯಿಂದ ಖಾತೆಗೆ ಹತ್ತಿಪ್ಪತ್ತು ಜಿಗಿತ ಆದ ಮೇಲೆ ತನಿಖಾಧಿಕಾರಿಗೆ ಸಿಗುವುದು, ತನ್ನ ಹೆಸರಿನಲ್ಲಿ ಕಂಪನಿ ಇದೆ ಎಂದೇ ತಿಳಿಯದ ಒಬ್ಬ ಬಡವ.

ಇನ್ನು ದೇಶದ ಹೊರಗೆ ದಾಟಿಸುವ ಕಲೆ. ಇದರಲ್ಲಿ ದೊಡ್ಡದು ಸುಳ್ಳು ಬೆಲೆಯ ಬಿಲ್ಲು. ಇದನ್ನು ತಿಳಿಯಲು ನಾವು ದೆಹಲಿಗೆ ಹೋಗಬೇಕಿಲ್ಲ, ಬಳ್ಳಾರಿಯಿಂದ ಅಂಕೋಲಾಕ್ಕೆ ಬಂದರೆ ಸಾಕು.

ಬೀಜಿಂಗ್ ಒಲಿಂಪಿಕ್ಸಿನ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಏರಿದಾಗ ಸಂಡೂರು, ಹೊಸಪೇಟೆಯ ಅದಿರಿಗೆ ಬಂಗಾರದ ಬೆಲೆ ಬಂತು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟದ ತಿರುವುಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ; ರಸ್ತೆ ಬದಿಯ ಮರಗಳ ಎಲೆ ಕೆಂಪಾಗಿತ್ತು. ಆಗ ಅತ್ಯುತ್ತಮ ದರ್ಜೆಯ ಅದಿರಿಗೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ ಮಾತ್ರ. ಬೆಲೆಯ ನೂರಕ್ಕೆ 10 ಎಂಬ ಲೆಕ್ಕ ಬಂದದ್ದು 2009ರಲ್ಲಿ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಕೊಟ್ಟ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಪರ್ಮಿಟ್ ಇಲ್ಲದ ಸಾಗಣೆ, ಮಿತಿಮೀರಿದ ಲೋಡು, ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಹಡಗು ಹತ್ತಿ ಹೋದದ್ದು, ಇವೆಲ್ಲ ಕನ್ನಡಿಗರಿಗೆ ಗೊತ್ತಿರುವ ವಿಷಯ. ರಫ್ತಿನ ಬೆಲೆ ಕಡಿಮೆ ತೋರಿಸುವ ವಿಚಾರವೂ ಆ ವರದಿಯಲ್ಲಿತ್ತು. ಅದರ ಬಗ್ಗೆ ಚರ್ಚೆ ಆದದ್ದು ಕಡಿಮೆ.

ಅದಿರಿನ ಬಿಲ್ಲನ್ನು ಹತ್ತಿರದಿಂದ ನೋಡೋಣ. ಅದಿರಿನ ಬೆಲೆ ನಿಂತಿರುವುದು ಎರಡರ ಮೇಲೆ: ನೂರು ಭಾಗದಲ್ಲಿ ಕಬ್ಬಿಣ ಎಷ್ಟು, ತೇವಾಂಶ ಎಷ್ಟು. ಹಡಗಿಗೆ ತುಂಬುವುದು ಹಸಿ ಅದಿರಿನ ತೂಕ, ದುಡ್ಡು ಕೊಡುವುದು ತೇವಾಂಶ ಕಳೆದ ಒಣ ತೂಕಕ್ಕೆ. ಒಂದು ಹಡಗಿಗೆ 50,000 ಟನ್ ತುಂಬಿತು ಎಂದಿಟ್ಟುಕೊಳ್ಳಿ. ನಿಜವಾದ ಬೆಲೆ ಟನ್ನಿಗೆ 120 ಡಾಲರ್. ಕಬ್ಬಿಣದ ಅಂಶ ಸ್ವಲ್ಪ ಕಡಿಮೆ ಎಂದು ಲ್ಯಾಬಿನ ಸರ್ಟಿಫಿಕೇಟಿನಲ್ಲಿ ಬರೆಸಿ 90 ಡಾಲರಿಗೆ ಮಾರಿದಂತೆ ಬಿಲ್ ಮಾಡಿದರೆ ಒಂದೇ ಹಡಗಿನಲ್ಲಿ 15 ಲಕ್ಷ ಡಾಲರ್ ಆಚೆ ಉಳಿಯಿತು. ಶೇ. 6 ಇದ್ದ ತೇವಾಂಶವನ್ನು ಶೇ. 9 ಎಂದರೆ ಇನ್ನೂ 1,500 ಟನ್ ಅದಿರು ಕಾಗದದಿಂದ ಮಾಯ. ಕೊಳ್ಳುವವನು ಚೀನಾದ ಉಕ್ಕಿನ ಕಾರ್ಖಾನೆ. ಅವನು ಪೂರ್ತಿ ಬೆಲೆಯನ್ನೇ ಕೊಡುತ್ತಾನೆ. ಆದರೆ ಬಿಲ್ಲು ನೇರವಾಗಿ ಅವನಿಗೆ ಹೋಗುವುದಿಲ್ಲ. ನಡುವೆ ಸಿಂಗಪುರದಲ್ಲೋ ದುಬೈನಲ್ಲೋ ರಫ್ತುದಾರನದೇ ಇನ್ನೊಂದು ಕಂಪನಿ 90ಕ್ಕೆ ಕೊಂಡು 120ಕ್ಕೆ ಮಾರುತ್ತದೆ. ಹಡಗು ಮಾತ್ರ ಕರಾವಳಿಯಿಂದ ಸೀದಾ ಚೀನಾಕ್ಕೆ. ಅದಿರು ಒಂದು ದಾರಿ ಹಿಡಿದರೆ ಅದರ ಬಿಲ್ಲು ಇನ್ನೊಂದು ದಾರಿ ಹಿಡಿಯಿತು. ತೆರಿಗೆಯೂ ಹೋಯಿತು, ಬರಬೇಕಾದ ಡಾಲರೂ ಹೋಯಿತು. ನಮ್ಮ ನೆಲದಲ್ಲಿ ಉಳಿದದ್ದು ಗುಂಡಿ.

ಆಮದಿನಲ್ಲಿ ಇದೇ ಆಟ ತಿರುಗುಮುರುಗು. ಅಲ್ಲಿ ಬೆಲೆಯನ್ನು ಏರಿಸಿ ತೋರಿಸಿ, ಹೆಚ್ಚುವರಿ ಹಣವನ್ನು ಆಚೆ ಬಿಡುತ್ತಾರೆ. ಇಂಡೊನೇಷ್ಯಾದಿಂದ ಬರುವ ಕಲ್ಲಿದ್ದಲಿನ ಬೆಲೆಯನ್ನು ಹೀಗೆ ಏರಿಸಿ ತೋರಿಸಲಾಗಿದೆ ಎಂದು ಕಂದಾಯ ಗುಪ್ತಚರ ನಿರ್ದೇಶನಾಲಯ, ಡಿಆರ್‌ಐ, 2016ರ ಮಾರ್ಚ್‌ನಲ್ಲಿ ದೇಶದ ಕಸ್ಟಮ್ಸ್ ಕಚೇರಿಗಳಿಗೆ ಎಚ್ಚರಿಕೆ ಕಳಿಸಿತು. ಕಂಪನಿಗಳು ಆರೋಪ ಅಲ್ಲಗಳೆದವು. ವಿದೇಶದಿಂದ ದಾಖಲೆ ತರಿಸುವ ವಿಚಾರವೇ ವರ್ಷಗಟ್ಟಲೆ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಕಲ್ಲಿದ್ದಲಿನ ಬೆಲೆ ವಿದ್ಯುತ್ ದರದೊಳಗೆ ಸೇರುತ್ತದೆ ಎಂಬುದನ್ನು ನೆನೆದರೆ, ಇಂಥ ಆರೋಪದ ತನಿಖೆ ಬೇಗ ಮುಗಿಯಬೇಕಾದದ್ದು ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿಲ್ಲ. ಪ್ರತಿ ತಿಂಗಳು ಕರೆಂಟ್ ಬಿಲ್ ಕಟ್ಟುವ ಮನೆಗಳಿಗಾಗಿ.

ಹಣ ದೇಶ ಬಿಡುವ ಇನ್ನೊಂದು ದಾರಿ ಹವಾಲಾ. ಅದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಹಣವನ್ನು ಕದ್ದು ಗಡಿ ದಾಟಿಸುತ್ತಾರೆ ಎಂದು. ಹವಾಲಾದಲ್ಲಿ ಹಣ ಗಡಿ ದಾಟುವುದೇ ಇಲ್ಲ.

ಕರಾವಳಿಯ ಯಾವುದೋ ಊರಿನ ಎಲೆಕ್ಟ್ರಿಷಿಯನ್ ಒಬ್ಬ ದುಬೈಯಲ್ಲಿ ದುಡಿಯುತ್ತಾನೆ. ಮನೆಗೆ ದುಡ್ಡು ಕಳಿಸಬೇಕು. ಬ್ಯಾಂಕಿಗಿಂತ ದಿರ್ಹಮಿಗೆ ಕೆಲವು ಪೈಸೆ ಹೆಚ್ಚು ಕೊಡುತ್ತೇನೆ, ಸಂಜೆಯೊಳಗೆ ಮನೆಬಾಗಿಲಿಗೆ ತಲುಪಿಸುತ್ತೇನೆ ಎನ್ನುವ ಏಜೆಂಟನ ಕೈಗೆ ಅವನು ದಿರ್ಹಮ್ ಕೊಡುತ್ತಾನೆ. ಇಲ್ಲಿ ಊರಿನಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಬಂದು, ಗುರುತಿಗೆಂದು ಮೊದಲೇ ಹೇಳಿಟ್ಟ ಹತ್ತು ರೂಪಾಯಿ ನೋಟಿನ ನಂಬರ್ ಹೊಂದಿಸಿ ನೋಡಿ, ಮನೆಯವರಿಗೆ ರೂಪಾಯಿ ಎಣಿಸಿ ಕೊಡುತ್ತಾನೆ. ದುಬೈಯ ದಿರ್ಹಮ್ ದುಬೈಯಲ್ಲೇ ಉಳಿಯಿತು. ಹಾಗಾದರೆ ಇಲ್ಲಿ ಕೊಟ್ಟ ರೂಪಾಯಿ ಯಾರದು?

ಅದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಲೆಕ್ಕಕ್ಕೆ ಸಿಗದ ನಗದು ಇಟ್ಟುಕೊಂಡು, ಅದನ್ನು ಹೊರದೇಶದಲ್ಲಿ ಬಯಸುವ ಇನ್ನೊಬ್ಬನದು. ಅವನು ಇಲ್ಲಿ ನಗದು ಕೊಟ್ಟ, ಅದು ನೂರು ಮನೆಗಳಿಗೆ ಹಂಚಿಹೋಯಿತು. ಅದಕ್ಕೆ ಬದಲಾಗಿ ನೂರು ದುಡಿಮೆಗಾರರ ದಿರ್ಹಮ್ ಅವನ ಹೆಸರಿಗೆ ಅಲ್ಲಿ ಜಮೆಯಾಯಿತು. ಎರಡೂ ಕಡೆಯ ಲೆಕ್ಕ ಚುಕ್ತಾ. ಉರಿಬಿಸಿಲಿನಲ್ಲಿ ದುಡಿದವನ ಬೆವರಿನ ಹಣ, ಅವನಿಗೆ ಗೊತ್ತಿಲ್ಲದೆಯೇ, ಯಾರದೋ ಲಂಚದ ಹಣ ದೇಶ ಬಿಡಲು ಹಾದಿಯಾಯಿತು. ರಿಸರ್ವ್ ಬ್ಯಾಂಕಿನ ಖಜಾನೆಗೆ ಬರಬೇಕಿದ್ದ ವಿದೇಶಿ ವಿನಿಮಯ ಬರಲೇ ಇಲ್ಲ. ಈ ವ್ಯವಹಾರದಲ್ಲಿ ನನ್ನನ್ನು ಕಾಡುವುದು ಇದೇ: ತಪ್ಪು ಮಾಡಿದವನು ಒಬ್ಬ, ಅವನಿಗೆ ಮರೆಯಾದವರು ನೂರು ಮಂದಿ ಪ್ರಾಮಾಣಿಕರು.

ಆ ದಿರ್ಹಮ್‌ಗೆ ಇನ್ನೊಂದು ಗಿರಾಕಿ ಚಿನ್ನದ ಕಳ್ಳಸಾಗಣೆದಾರ. ದುಬೈಯಲ್ಲಿ ಚಿನ್ನ ಕೊಳ್ಳಲು ಅಲ್ಲಿನ ಹಣ ಬೇಕು, ಇಲ್ಲಿ ಮಾರಿದಾಗ ಸಿಗುವುದು ರೂಪಾಯಿ ನಗದು. ಹವಾಲಾದವನಿಗೆ ಬೇಕಾದದ್ದು ಸರಿಯಾಗಿ ಇದರ ತಿರುಗುಮುರುಗು. ಹಾಗಾಗಿ ಎರಡೂ ದಂಧೆ ಜೊತೆಯಾಗಿಯೇ ಬೆಳೆಯುತ್ತವೆ. 2022ರಲ್ಲಿ ಚಿನ್ನದ ಆಮದು ಸುಂಕ ಶೇ. 15ಕ್ಕೆ ಏರಿತ್ತು, 2024ರ ಜುಲೈ ಬಜೆಟ್ ಅದನ್ನು ಶೇ. 6ಕ್ಕೆ ಇಳಿಸಿತು. ಸುಂಕ ಇಳಿದರೆ ಕಳ್ಳನ ಲಾಭವೂ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ 14.2 ಕಿಲೋ ಚಿನ್ನ ಒಂದೇ ಸಲಕ್ಕೆ ಸಿಕ್ಕಿತು.

ಇದರಲ್ಲಿ ಸರ್ಕಾರದ ನೀತಿಗೂ ಪಾಠವಿದೆ. 1973ರ ಫೆರಾ ಎಂಬ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಡಾಲರಿಗೆ ಸರ್ಕಾರಿ ದರ ಒಂದು, ಪೇಟೆಯ ದರ ಒಂದು. ಅಂತರ ಹೆಚ್ಚಿದಷ್ಟೂ ಹವಾಲಾ ಕೊಬ್ಬಿತು. 1991ರ ಬಿಕ್ಕಟ್ಟಿನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡ ಇಡಬೇಕಾಯಿತು. ಅದಾದ ಮೇಲೆ ರೂಪಾಯಿಯ ದರವನ್ನು ಪೇಟೆಗೆ ಬಿಟ್ಟು, ಚಿನ್ನದ ಆಮದಿಗೆ ದಾರಿ ತೆರೆದಾಗ ಹವಾಲಾದ ಆಕರ್ಷಣೆ ತಾನಾಗಿಯೇ ತಗ್ಗಿತು. ಪೊಲೀಸರಿಂದ ಆಗದ ಎಷ್ಟೋ ಕೆಲಸ ಸರಿಯಾದ ದರದಿಂದ ಆಗುತ್ತದೆ. ಇಂದು ಪ್ರವಾಸ, ಓದು, ಹೂಡಿಕೆಗೆಂದು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಯಾರು ಬೇಕಾದರೂ ಬ್ಯಾಂಕಿನ ಮೂಲಕವೇ ಹೊರಗೆ ಕಳಿಸಬಹುದು. ಮಗಳ ಓದಿಗೆಂದು ಜರ್ಮನಿಗೆ ದುಡ್ಡು ಕಳಿಸುವ ಮೈಸೂರಿನ ತಂದೆ ಬಂಡವಾಳ ಪಲಾಯನ ಮಾಡುತ್ತಿಲ್ಲ. ತೆರಿಗೆ ಕಟ್ಟಿದ ಹಣ, ನಿಜವಾದ ಕಾರಣ, ಬ್ಯಾಂಕಿನ ದಾರಿ: ಈ ಮೂರೂ ಇದ್ದರೆ ಹೊರಗೆ ಹೋಗುವ ಹಣ ಅಪರಾಧವಲ್ಲ.

ಅಕ್ರಮವಾಗಿ ಹೊರಗೆ ಹೋದದ್ದು ಹೊರಗೇ ಇರಬೇಕೆಂದೂ ಇಲ್ಲ. ಮಾರಿಷಸ್ ಜೊತೆ 1982ರಲ್ಲಿ ಆದ ತೆರಿಗೆ ಒಪ್ಪಂದದ ಫಲವಾಗಿ ಅಲ್ಲಿನ ಕಂಪನಿ ಇಲ್ಲಿ ಷೇರು ಮಾರಿ ಗಳಿಸಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಇರಲಿಲ್ಲ. ಪುಟ್ಟ ದ್ವೀಪ ಬಹುಕಾಲ ನಮಗೆ ವಿದೇಶಿ ಬಂಡವಾಳ ಕಳಿಸುವ ದೇಶಗಳ ಪಟ್ಟಿಯ ತುದಿಯಲ್ಲಿತ್ತು. ಅದರಲ್ಲಿ ನಿಜವಾದ ಹೂಡಿಕೆಯೂ ಇತ್ತು, ವೇಷ ಬದಲಿಸಿ ಮನೆಗೆ ಮರಳಿದ ನಮ್ಮದೇ ಹಣವೂ ಇತ್ತು. ಒಪ್ಪಂದ ತಿದ್ದುಪಡಿಯಾದದ್ದು 2016ರಲ್ಲಿ. 2017ರ ಏಪ್ರಿಲ್ 1ರ ನಂತರ ಕೊಂಡ ಷೇರುಗಳಿಗೆ ಅದು ಅನ್ವಯಿಸಿತು. ಸ್ವಿಟ್ಜರ್ಲೆಂಡ್ ಕೂಡ 2019ರ ಸೆಪ್ಟೆಂಬರ್‌ನಿಂದ ತನ್ನ ಬ್ಯಾಂಕುಗಳಲ್ಲಿರುವ ಭಾರತೀಯರ ಖಾತೆಗಳ ವಿವರವನ್ನು ತಾನಾಗಿಯೇ ನಮ್ಮ ತೆರಿಗೆ ಇಲಾಖೆಗೆ ಕಳಿಸುತ್ತಿದೆ. ಹಾಗೆಂದು ದೊಡ್ಡ ನಿರೀಕ್ಷೆ ಬೇಡ. 2015ರ ಕಪ್ಪುಹಣ ಕಾಯ್ದೆಯಡಿ ಹೊರದೇಶದ ಆಸ್ತಿ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಾಗ ಮುಂದೆ ಬಂದವರು 650ಕ್ಕೂ ಕಡಿಮೆ ಮಂದಿ, ಅವರು ತೋರಿಸಿದ್ದು 4,164 ಕೋಟಿ ರೂಪಾಯಿ.

ಈ ಅಕ್ರಮ ಹಣದ ಬಿಸಿ ಜನಸಾಮಾನ್ಯರಿಗೆ ತಟ್ಟುವುದು ಕಾಣದ ರೀತಿಯಲ್ಲಿ. ಕಟ್ಟದ ತೆರಿಗೆಯ ಪಾಲು ಕಟ್ಟುವವರ ತಲೆಗೆ ಬರುತ್ತದೆ. ಲೆಕ್ಕ ತೋರಿಸದ ಹಣ ಸೈಟಿನಲ್ಲಿ ಅಡಗಿ ಕೂರುವುದರಿಂದ ಸಂಬಳದವನಿಗೆ ಬೆಂಗಳೂರಿನ ಹೊರವಲಯದ ಮೂವತ್ತು–ನಲವತ್ತರ ಸೈಟೂ ಕೈಗೆಟುಕುವುದಿಲ್ಲ. ನಿಜವಾದ ಬಿಲ್ಲು ಹಾಕುವ ವ್ಯಾಪಾರಿ, ಸುಳ್ಳು ಬಿಲ್ಲಿನವನ ದರಕ್ಕೆ ಮಾರಲಾಗದೆ ಅಂಗಡಿ ಮುಚ್ಚುತ್ತಾನೆ. ಈ ಕೊನೆಯ ನಷ್ಟವನ್ನು ಯಾವ ವರದಿಯೂ ಎಣಿಸುವುದಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಕಾನೂನು ಏನು ಹೇಳುತ್ತದೆ? ವಿದೇಶಿ ವಿನಿಮಯದ ನಿಯಮ ಮುರಿದರೆ ಫೆಮಾ, 1999ರ ಕಾಯ್ದೆ. ಅದು ಸಿವಿಲ್ ಸ್ವರೂಪದ್ದು. ದಂಡ ಮೊತ್ತದ ಮೂರು ಪಟ್ಟಿನವರೆಗೆ ಬೀಳಬಹುದು. ಅಪರಾಧದಿಂದ ಬಂದ ಹಣವನ್ನು ಬಚ್ಚಿಟ್ಟರೆ, ಬಳಸಿದರೆ, ಸಕ್ರಮವೆಂದು ತೋರಿಸಿದರೆ ಪಿಎಂಎಲ್‌ಎ, 2002ರ ಕಾಯ್ದೆ. ಇದು ಜಾರಿಗೆ ಬಂದದ್ದು 2005ರ ಜುಲೈ 1ರಂದು; ಶಿಕ್ಷೆ ಮೂರರಿಂದ ಏಳು ವರ್ಷ, ಮಾದಕ ವಸ್ತುವಿನ ಹಣವಾದರೆ ಹತ್ತು ವರ್ಷದವರೆಗೆ. ಇದಕ್ಕೆ ಮೊದಲು ಬೇರೆ ಮೂಲ ಅಪರಾಧವೊಂದು ಇರಬೇಕು: ವಂಚನೆ, ಲಂಚ, ಕಳ್ಳಸಾಗಣೆ ಹೀಗೆ. ತಿಂಗಳಿಗೆ 10 ಲಕ್ಷ ರೂಪಾಯಿ ಮೀರಿದ ನಗದು ವಹಿವಾಟನ್ನೂ, ಮೊತ್ತ ಎಷ್ಟೇ ಇರಲಿ ಅನುಮಾನ ಹುಟ್ಟಿಸುವ ವಹಿವಾಟನ್ನೂ ಬ್ಯಾಂಕುಗಳು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. 2023ರಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರಗಳೂ, ಗ್ರಾಹಕರ ಪರವಾಗಿ ಕೆಲವು ಬಗೆಯ ಹಣಕಾಸು ವ್ಯವಹಾರ ನಡೆಸುವ ಸಿ.ಎ.ಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬಂದರು. ಅದೇ ವರ್ಷ, ಕಂಪನಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಪಾಲು ಯಾರದೋ ಅವರನ್ನು ನಿಜವಾದ ಒಡೆಯರೆಂದು ಬ್ಯಾಂಕು ಗುರುತಿಸಬೇಕೆಂಬ ನಿಯಮ ಬಂತು. ಮುಂಚೆ ಅದು ಶೇ. 25 ಇತ್ತು. ಅಶೋಕ್ ವಿಹಾರದ ತೂತು ಮುಚ್ಚಲು ರಿಸರ್ವ್ ಬ್ಯಾಂಕು 2016ರ ಅಕ್ಟೋಬರ್‌ನಲ್ಲಿ, ಆಮದಿಗೆ ಹೋದ ಹಣವನ್ನೂ ಕಸ್ಟಮ್ಸಿನಲ್ಲಿ ದಾಖಲಾದ ಸರಕನ್ನೂ ಕಂಪ್ಯೂಟರಿನಲ್ಲೇ ತಾಳೆ ನೋಡುವ ವ್ಯವಸ್ಥೆ ತಂದಿತು. ನನ್ನ ಮಟ್ಟಿಗೆ ಹತ್ತು ದಾಳಿಗಳಿಗಿಂತ ಈ ಒಂದು ತಾಳೆ ಲೆಕ್ಕ ಹೆಚ್ಚು ಕೆಲಸದ್ದು.

ಏಕೆಂದರೆ ದಾಳಿ ಮತ್ತು ಶಿಕ್ಷೆಯ ನಡುವಿನ ದೂರ ಬಹಳ. 2014ರಿಂದ 2024ರವರೆಗೆ ಪಿಎಂಎಲ್‌ಎ ಅಡಿ ದಾಖಲಾದ ಪ್ರಕರಣಗಳು 5,297, ಶಿಕ್ಷೆಯಾದವು 40 ಎಂದು ಕೇಂದ್ರ ಸರ್ಕಾರವೇ 2024ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿತು. ಜಾಮೀನು ಸಿಗುವುದು ಕಷ್ಟವಾಗಿರುವ ಈ ಕಾಯ್ದೆಯಲ್ಲಿ ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಜೈಲಿನಲ್ಲಿ ಇರಬೇಕಾಗುತ್ತದೆ. ಆರೋಪಿ ನಿರಪರಾಧಿಯಾಗಿದ್ದರೆ ಅದು ಅನ್ಯಾಯ. ತಪ್ಪಿತಸ್ಥನಾಗಿದ್ದರೆ ತೀರ್ಪು ಬಾರದೇ ಇರುವುದು ದೇಶಕ್ಕೆ ಅನ್ಯಾಯ. ಬೇಲೇಕೇರಿ ಅದಿರಿನ ಪ್ರಕರಣಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ, ಅದಿರು ಮಾಯವಾಗಿ ಹದಿನಾಲ್ಕು ವರ್ಷದ ಮೇಲೆ. ಮರುತಿಂಗಳೇ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಈಗ ನಮ್ಮ ನಿಮ್ಮ ಮನೆಯ ಮಕ್ಕಳ ವಿಷಯ. ಷೇರು ಹೂಡಿಕೆ, ಡಿಜಿಟಲ್ ಅರೆಸ್ಟ್ ಎಂದು ಫೋನಿನಲ್ಲಿ ವಂಚಿಸಿ ದೋಚಿದ ಹಣ ನಿಮಿಷಗಳಲ್ಲಿ ಹತ್ತಾರು ಖಾತೆ ದಾಟಿ, ಕ್ರಿಪ್ಟೊ ಆಗಿ ದೇಶ ಬಿಡುತ್ತದೆ. ಆ ಹತ್ತಾರು ಖಾತೆಗಳು ಯಾರವು? ಕಾಲೇಜು ಹುಡುಗರದು, ಡೆಲಿವರಿ ಕೆಲಸದವರದು, ಕೆಲಸ ಹುಡುಕುತ್ತಿರುವವರದು. ‘ನಿನ್ನ ಹೆಸರಿನಲ್ಲಿ ಒಂದು ಅಕೌಂಟ್ ಮಾಡಿಸಿಕೊಡು, ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ನನಗೆ ಕೊಡು, ಕೆಲವು ಸಾವಿರ ಕೊಡ್ತೀನಿ’ ಎಂದು ಗೆಳೆಯನ ಗೆಳೆಯನೇ ಕೇಳುತ್ತಾನೆ. ಮನೆಯಲ್ಲೇ ಕೂತು ಮಾಡುವ ಕೆಲಸ ಎಂದು ಟೆಲಿಗ್ರಾಂನಲ್ಲಿ ಬರುವುದೂ ಉಂಟು: ನಿನ್ನ ಖಾತೆಗೆ ಬಂದ ಹಣವನ್ನು ಹೇಳಿದ ಕಡೆ ಕಳಿಸು, ನೂರಕ್ಕೆ ಎರಡು ನಿನ್ನದು. ಮೂರನೆಯ ದಿನ ಮತ್ತೊಂದು ರಾಜ್ಯದ ಪೊಲೀಸರಿಂದ ನೋಟಿಸ್ ಬರುತ್ತದೆ. ಖಾತೆ ಫ್ರೀಜ್ ಆಗುತ್ತದೆ. ಕಾರ್ಡು ನನ್ನ ಬಳಿ ಇರಲಿಲ್ಲ ಎಂದರೆ ತಪ್ಪಿಸಿಕೊಂಡಂತಾಗುವುದಿಲ್ಲ. ಗೊತ್ತಿದ್ದೂ ನೆರವಾದವನನ್ನೂ ಪಿಎಂಎಲ್‌ಎ ಆರೋಪಿಯಾಗಿ ನೋಡುತ್ತದೆ, ಹಣ ಅಪರಾಧದ್ದಲ್ಲ ಎಂದು ತೋರಿಸುವ ಹೊಣೆಯನ್ನು ಆರೋಪಿಯ ಮೇಲೆಯೇ ಹಾಕುತ್ತದೆ.

ಗುರುತಿಲ್ಲದ ಹಣ ಖಾತೆಗೆ ಬಿದ್ದರೆ ಮುಟ್ಟಬೇಡಿ. ‘ತಪ್ಪಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ’ ಎಂದು ಫೋನ್ ಬಂದರೂ ನೀವಾಗಿ ಕಳಿಸಬೇಡಿ. ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ, ವಾಪಸಾತಿ ಬ್ಯಾಂಕೇ ಮಾಡಲಿ. ವಂಚನೆಗೆ ಸಿಕ್ಕಿದ್ದು ನೀವೇ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮೊದಲ ಎರಡು ಮೂರು ಖಾತೆಗಳಲ್ಲಿ ಇರುವಾಗಲೇ ತಡೆಯಲು ಸಾಧ್ಯ. ಬಳಸದ ಹಳೆಯ ಖಾತೆಗಳನ್ನು ಮುಚ್ಚಿಸಿ. ಸೈಟು ಮಾರುವಾಗ ಅರ್ಧ ನಗದು ಎಂದರೆ ಒಪ್ಪಬೇಡಿ: ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದಿನಲ್ಲಿ ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳುವುದು ಮಾರುವವನ ಮೇಲೆ. ಆಧಾರ್, ಪಾನ್ ಜೆರಾಕ್ಸ್ ಕೊಡುವಾಗ ಯಾವ ಕೆಲಸಕ್ಕೆ ಕೊಟ್ಟದ್ದೆಂದು ಅದರ ಮೇಲೆಯೇ ಬರೆದು ಸಹಿ ಹಾಕಿ. ನಿಮ್ಮ ಪಾನ್ ನಂಬರಿನಲ್ಲಿ ನಿಮಗೆ ತಿಳಿಯದೆ ಯಾರಾದರೂ ವ್ಯಾಪಾರ ನೋಂದಾಯಿಸಿದ್ದಾರೆಯೇ ಎಂದು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಪಾನ್ ಹಾಕಿ ಹುಡುಕಿದರೆ ತಿಳಿಯುತ್ತದೆ. ಆದಾಯ ತೆರಿಗೆ ಪೋರ್ಟಲ್ಲಿನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಿಮ್ಮದಲ್ಲದ ಠೇವಣಿ, ಖರೀದಿ, ಷೇರು ವಹಿವಾಟು ಕಂಡರೆ ಅಲ್ಲಿಯೇ ಆಕ್ಷೇಪ ದಾಖಲಿಸಲು ಅವಕಾಶವಿದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.